ಭಾಷಣ ಹಿಂಡುವ ನಮ್ಮ ಭಾವ

ನಮ್ಮ ಜಿಲ್ಲೆಯ ರಾಜಕಾರಣಿಗಳು ಈಚೆಗೆ ಇಷ್ಟು ಸರಳವಾಗಿ ಮಾತಾಡುವುದಕ್ಕೆ ತಿಳಿದವರು ಏನೇನೋ ಕಾರಣ ಕೊಡುತ್ತಾರೆ. ಟಿ.ವಿ. ಬಂತು, ಮೊಬೈಲು ಬಂತು, ಜನರ ತಾಳ್ಮೆ ಹೋಯಿತು ಎನ್ನುತ್ತಾರೆ. ಎಲ್ಲ ಸುಳ್ಳು. ಕಾರಣ ನನ್ನ ತಂಗಿಯ ಗಂಡ! ರಾಮನಗರದಿಂದ ಮಾಗಡಿಯವರೆಗೆ, ಚನ್ನಪಟ್ಟಣದಿಂದ ಕನಕಪುರದವರೆಗೆ, ಯಾವುದೇ ವೇದಿಕೆಯಲ್ಲಿ ಒಬ್ಬ ಮುಖಂಡರು 'ಸರ್ವತೋಮುಖ' ಎಂದು ಬಾಯಿ ತೆರೆದು, ಸಭೆಯ ಹಿಂದಿನ ಸಾಲಿನ ಕಡೆ ಒಮ್ಮೆ ನೋಡಿ, ಆ ಪದವನ್ನು ಹಾಗೆಯೇ ನುಂಗಿಕೊಂಡರೆ, ಅಲ್ಲಿ ನಮ್ಮ ಭಾವ ನಿಂತಿದ್ದಾರೆ ಎಂದು ತಿಳಿಯಬೇಕು.

ವಯಸ್ಸಿನಲ್ಲಿ ಅವರು ನನಗಿಂತ ಚಿಕ್ಕವರು. ಆದರೂ ಅವರು ನನ್ನನ್ನು ಭಾವ ಎನ್ನುತ್ತಾರೆ, ನಾನು ಅವರನ್ನು ಭಾವ ಎನ್ನುತ್ತೇನೆ. ಜಗಳಕ್ಕೆ ಇಬ್ಬರಿಗೂ ಸಮಾನ ಹಕ್ಕು. ಚನ್ನಪಟ್ಟಣದ ಕಡೆಯ ಒಂದು ಹಳ್ಳಿಯಲ್ಲಿ ಅವರಿಗೆ ಹಿಪ್ಪುನೇರಳೆ ತೋಟ, ರೇಷ್ಮೆ ಹುಳು ಸಾಕುವ ಮನೆ. ಗೂಡು ಮಾರಲು ರಾಮನಗರದ ಮಾರುಕಟ್ಟೆಗೆ ಬಂದಾಗಲೆಲ್ಲ ನಮ್ಮ ಮನೆಗೆ ಬರುತ್ತಾರೆ. ನಾನು ಹೈಸ್ಕೂಲಿನಲ್ಲಿ ಡ್ರಿಲ್ ಮೇಷ್ಟ್ರಾಗಿ ನಿವೃತ್ತನಾದವನು. ನಮ್ಮ ಮನೆಯಲ್ಲಿ ಏಳುವುದಕ್ಕೆ, ತಿನ್ನುವುದಕ್ಕೆ, ಪತ್ರಿಕೆ ಓದುವುದಕ್ಕೆ, ಓದಿ ಬೇಸರ ಪಡುವುದಕ್ಕೆ, ಎಲ್ಲಕ್ಕೂ ಗೊತ್ತಾದ ಹೊತ್ತಿದೆ. ಭಾವ ಬರುವುದಕ್ಕೆ ಮಾತ್ರ ಇಲ್ಲ.

ಅವರಿಗೆ ಈ ಖಯಾಲಿ ಹತ್ತಿದ್ದು ಕರೆಂಟು ಹೋದ ಒಂದು ಸಂಜೆ. ಅವರ ಊರಿನ ಹಾಲಿನ ಡೈರಿಯ ಅಂಗಳದಲ್ಲಿ ಚುನಾವಣೆಯ ಸಭೆ. ಅಭ್ಯರ್ಥಿ ಬಹಳ ಓದಿದವರು, ಅಚ್ಚು ಹಾಕಿಸಿದಂತೆ ಮಾತಾಡುವವರು. 'ಮೂಲಭೂತ ಸೌಕರ್ಯಗಳ ಸಮರ್ಪಕ ಅನುಷ್ಠಾನ' ಎನ್ನುವ ಹೊತ್ತಿಗೆ ಸರಿಯಾಗಿ ಮೈಕು ಸತ್ತಿತು. ಮುಂದೆ ಕುಳಿತ ಗಂಡಸರಿಗೆ ಹೇಗೋ ಕೇಳುತ್ತಿತ್ತು. ಹಿಂದೆ ಕುಳಿತ ಹೆಂಗಸರಿಗೆ ಬಾಯಿ ಆಡುವುದಷ್ಟೇ ಕಾಣುತ್ತಿತ್ತು. ನಡುವೆ ನಿಂತಿದ್ದ ಭಾವನನ್ನು ಒಬ್ಬ ಅಜ್ಜಿ, ಏನಂತಪ್ಪ ಎಂದು ಕೇಳಿದರು. ಭಾವ ಸ್ವಲ್ಪ ಹೊತ್ತು ಕಿವಿಗೊಟ್ಟು ಕೇಳಿಸಿಕೊಂಡು, ಹಿಂದಕ್ಕೆ ತಿರುಗಿ, ತೋಟದಲ್ಲಿ ಆಳುಗಳನ್ನು ಕೂಗುವ ಗಂಟಲಿನಲ್ಲಿ ಹೇಳಿದರು:

"ನಲ್ಲಿ ಹಾಕುಸ್ತೀನಿ ಅಂತಾವ್ರೆ ಕಣಜ್ಜಿ. ಯಾವಾಗ ಅಂತ ಇನ್ನೂ ಅಂದಿಲ್ಲ."

ಅಭ್ಯರ್ಥಿ ಮತ್ತೆ ಬಹಳ ಹೊತ್ತು ಮಾತಾಡಿದರು. ರಾಜ್ಯದ ಬಗ್ಗೆ, ದೇಶದ ಬಗ್ಗೆ, ಪ್ರಪಂಚದ ಬಗ್ಗೆ. ಹಿಂದಿನ ಸಾಲು ಮತ್ತೆ ಭಾವನ ಮುಖ ನೋಡಿತು.

"ಇನ್ನೂ ಅಂದಿಲ್ಲ."

ಸಭೆಗೆ ಸಭೆಯೇ ನಕ್ಕಿತು. ಸ್ವಲ್ಪ ಹೊತ್ತಿಗೆ ಕರೆಂಟು ಬಂತು, ಮೈಕಿಗೂ ಜೀವ ಬಂತು. ಆದರೆ ಹಿಂದಿನವರು ಮುಂದಕ್ಕೆ ತಿರುಗಲೇ ಇಲ್ಲ! ಅವತ್ತಿನಿಂದ ಆ ಸುತ್ತಿನ ಹಳ್ಳಿಗಳಲ್ಲಿ ಇದೊಂದು ಪದ್ಧತಿಯೇ ಆಯಿತು. ಮೈಕು ಸರಿಯಾಗಿದ್ದರೂ ಸರಿ, ಮುಂದೆ ಭಾಷಣ, ಹಿಂದೆ ಭಾವ. ಹೆಂಗಸರು ಮೊದಲು ಬಂದು ಹಿಂದಿನ ಜಾಗ ಹಿಡಿಯುತ್ತಿದ್ದರು. ತಡವಾಗಿ ಬಂದವರು ಬೇರೆ ದಾರಿಯಿಲ್ಲದೆ ವೇದಿಕೆಯ ಮುಂದೆ ಕೂರುತ್ತಿದ್ದರು.

ತಮ್ಮ ಕೆಲಸಕ್ಕೆ ಅವರು ಇಟ್ಟುಕೊಂಡ ಹೆಸರು ಹಿಂಡುವುದು. ನೆನೆದ ಪಂಚೆಯನ್ನು ಹಿಂಡಿದರೆ ನೀರೆಲ್ಲ ಸುರಿದು ಬಟ್ಟೆ ಉಳಿಯುತ್ತದಲ್ಲ, ಹಾಗೆ. ಕೆಲವು ಭಾಷಣಗಳಲ್ಲಿ ಹಿಂಡಿದ ಮೇಲೆ ಬಟ್ಟೆಯೇ ಇರುತ್ತಿರಲಿಲ್ಲ ಎಂಬುದು ಬೇರೆ ಮಾತು.

ಹಿಂಡಿದ್ದು ರಾಜಕಾರಣಿಗಳನ್ನು ಮಾತ್ರ ಎಂದುಕೊಳ್ಳಬೇಡಿ. ನನ್ನ ಬೀಳ್ಕೊಡುಗೆ ಸಮಾರಂಭಕ್ಕೆ ಅವರನ್ನು ಕರೆದದ್ದು ನನ್ನ ಬುದ್ಧಿಗೇಡಿತನ. ಶಿಸ್ತು, ಸಮಯಪ್ರಜ್ಞೆ, ಚಾರಿತ್ರ್ಯ ಎಂದು ನಾನು ವಾರಗಟ್ಟಲೆ ಅಭ್ಯಾಸ ಮಾಡಿದ ಮಾತುಗಳನ್ನು ಒಂದೊಂದಾಗಿ ಹೇಳುತ್ತಿದ್ದೆ. ಕಣ್ಣಂಚಿನಲ್ಲಿ ನೀರೂ ಬಂದಿತ್ತು, ನನ್ನದೇ. ಹಿಂದಿನಿಂದ ಆ ಗಂಟಲು ಕೇಳಿಸಿತು: "ಬೆಲ್ಲು ಹೊಡುದ್ರೆ ಬನ್ನಿ ಅಂತಾವ್ರೆ." ಇಷ್ಟು ವರ್ಷದ ಸೇವೆ, ಮೂರು ಪದ! ಹೆಡ್‌ಮಾಸ್ಟರು ಕರವಸ್ತ್ರದಲ್ಲಿ ಮುಖ ಮುಚ್ಚಿಕೊಂಡರು. ಅಳು ಎಂದೇ ನಾನು ಇವತ್ತಿಗೂ ನಂಬಿದ್ದೇನೆ.

ಕನಕಪುರದ ಒಂದು ಮದುವೆಯಲ್ಲಂತೂ ಅನಾಹುತವೇ ಆಯಿತು. ವಧೂವರರನ್ನು ಹರಸಲು ಬಂದ ಮುಖಂಡರೊಬ್ಬರು ಮೈಕು ಹಿಡಿದರು. ದಾಂಪತ್ಯದಿಂದ ಶುರುವಾದ ಮಾತು ನೀರಾವರಿಗೆ ಹೋಯಿತು, ಅಲ್ಲಿಂದ ಎದುರು ಪಕ್ಷಕ್ಕೆ ಹೋಯಿತು, ಮದುಮಕ್ಕಳ ಹತ್ತಿರಕ್ಕೆ ವಾಪಸು ಬರುವ ಲಕ್ಷಣ ಕಾಣಲಿಲ್ಲ. ಹಿಂದೆ ಕುಳಿತವರು ಭಾವನ ಪಂಚೆ ಜಗ್ಗಿದರು. ಹಸಿದಿದ್ದ ಭಾವ ತಮಗೆ ತೋಚಿದಂತೆ ಹಿಂಡಿದರು: "ಎಲೆ ಹಾಕವ್ರೆ, ಏಳಿ ಅಂತಾವ್ರೆ." ಕ್ಷಣದಲ್ಲಿ ಇಡೀ ಛತ್ರ ಎದ್ದು ಊಟದ ಮನೆಯ ಬಾಗಿಲಲ್ಲಿ ನಿಂತಿತು. ಒಳಗೆ ಇನ್ನೂ ಮುದ್ದೆ ಕಟ್ಟುತ್ತಿದ್ದರು. ಭಟ್ಟರು ಸೌಟು ಹಿಡಿದು ಹೊರಗೆ ಬಂದು, ಯಾರಪ್ಪ ಅದು ಹೇಳಿದ್ದು ಎಂದು ಕೇಳಿದಾಗ ಎಲ್ಲರೂ ವೇದಿಕೆಯ ಕಡೆ ಕೈ ತೋರಿಸಿದರು. ಹಾಗಾಗಿ ಬೈಗುಳವೆಲ್ಲ ಮುಖಂಡರ ಪಾಲಾಯಿತು. ಭಾವ ಮೊದಲ ಪಂಕ್ತಿಯಲ್ಲಿ ಊಟ ಮುಗಿಸಿದರು.

ಇದು ಸರಿಯಲ್ಲ ಎಂದು ನಾನು ಅವರಿಗೆ ಹೇಳಿಯೂ ನೋಡಿದೆ. ನಮ್ಮ ಚಿಕ್ಕಂದಿನಲ್ಲಿ ನಾಯಕರ ಭಾಷಣವೆಂದರೆ ಸ್ವಾತಂತ್ರ್ಯ ದಿನದ ಕವಾಯತಿನ ಹಾಗೆ ಇರುತ್ತಿತ್ತು. ಅರ್ಥವಾಗದಿದ್ದರೂ ನೋಡಲು ಚೆನ್ನ. ಈಗ ಎಲ್ಲರೂ ಹಟ್ಟಿಯ ಮಾತನ್ನೇ ಆಡುತ್ತಾರೆ. ಸರಳವಾಗಿದೆ, ಜನಕ್ಕೆ ತಿಳಿಯುತ್ತದೆ, ಇನ್ನು ನಿಮ್ಮ ಹಿಂಡುವಿಕೆ ಯಾರಿಗೆ ಬೇಕು ಎಂದೆ. ಭಾವ ನಮ್ಮ ಮನೆಯ ಟಿ.ವಿ. ಹಾಕಿದರು. ಅದು ನಾನು ಪ್ರಾಣಾಯಾಮ ಮಾಡುವ ಹೊತ್ತು. ಇಬ್ಬರು ನಾಯಕರು ಚರ್ಚೆಗೆ ಕುಳಿತಿದ್ದರು. ಭಾಷೆ ಎಷ್ಟು ಸರಳವೆಂದರೆ, ಒಂದನೇ ತರಗತಿಯ ಮಗುವಿಗೂ ಒಂದು ಪದ ಕಷ್ಟವಾಗುವಂತಿರಲಿಲ್ಲ. ನನ್ನ ಹೆಂಡತಿ ಅಡಿಗೆ ಮನೆಯಿಂದ, ಏನಂತೆ ಎಂದು ಕೇಳಿದಳು.

"ನೀನು ಕಳ್ಳ ಅಂತಾವ್ರೆ ಕಣಕ್ಕ," ಎಂದರು ಭಾವ.

ಕಾಫಿ ಬಂತು, ಕುಡಿದೆವು, ಲೋಟ ತೊಳೆಯಲು ಹೋಯಿತು. ಹೆಂಡತಿ ಮತ್ತೆ ಕೇಳಿದಳು.

"ಅವ್ರು, ನೀನೂ ಅಂತಾವ್ರೆ."

ಆಮೇಲೆ ಜಾಹೀರಾತು ಬಂತು. ಒಬ್ಬಳು ಹುಡುಗಿ ಸೋಪು ಹಿಡಿದು ನಕ್ಕಳು. ಭಾವ ನನ್ನ ಕಡೆ ತಿರುಗಿ, ನೋಡಿ ಭಾವ, ಇಷ್ಟೊತ್ತಿನಲ್ಲಿ ಕೈಯಲ್ಲಿರುವುದನ್ನು ತೋರಿಸಿ ಮಾತಾಡಿದ್ದು ಈ ಮಗು ಒಂದೇ ಎಂದರು. ಆಮೇಲೆ ನನಗೆ ಪಾಠ ಮಾಡಿದರು. ಗೂಡು ಕೊಳ್ಳುವವರು ಅದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾರೆ. ಒಳಗೆ ಹುಳು ಸರಿಯಾಗಿದ್ದರೆ ಲೊಟಲೊಟ ಎನ್ನುತ್ತದೆ. ಗೂಡು ದೊಡ್ಡದೋ ಚಿಕ್ಕದೋ, ಹಳದಿಯೋ ಬಿಳಿಯೋ, ಅದು ಆಮೇಲಿನ ಮಾತು. ದೊಡ್ಡ ಪದದ ಒಳಗೂ ಏನೂ ಇಲ್ಲದೆ ಇರಬಹುದು, ಸಣ್ಣ ಪದದ ಒಳಗೂ ಇಲ್ಲದೆ ಇರಬಹುದು. "ಮಾಡೇ ಮಾಡ್ತೀವಿ ಅಂತಾರಲ್ಲ, ಅದಕ್ಕಿಂತ ಸರಳವಾದ ಮಾತು ಯಾವುದೈತೆ? ಅಲ್ಲಾಡ್ಸಿ ನೋಡಿ, ಸದ್ದೇ ಇಲ್ಲ." ನಾನು ಉತ್ತರ ಹುಡುಕುವುದರೊಳಗೆ ಪ್ರಾಣಾಯಾಮದ ಹೊತ್ತು ಮುಗಿದು ವಾಯುವಿಹಾರದ ಹೊತ್ತು ಬಂದಿತ್ತು.

ಅವರ ಕಾಟ ತಡೆಯಲು ಮಾಗಡಿಯಲ್ಲಿ ಒಂದು ಉಪಾಯ ನಡೆಯಿತು. ಅಲ್ಲಿನ ಬಹಿರಂಗ ಚರ್ಚೆಗೆ ಭಾವ ಹೋದಾಗ ಸಂಘಟಕರು ಓಡಿ ಬಂದು, ಹಾರ ಹಾಕಿ, ಗಣ್ಯರ ಜೊತೆ ವೇದಿಕೆಯ ಮೇಲೆಯೇ ಕೂರಿಸಿಬಿಟ್ಟರು. ಗಣ್ಯನಾದವನು ಕೂಗುವ ಹಾಗಿಲ್ಲವಲ್ಲ! ಭಾವ ಗಂಭೀರವಾಗಿ ಕುಳಿತರು. ಮೊದಲ ಅಭ್ಯರ್ಥಿಯ ಮಾತು ಮುಗಿಯಿತು. ಭಾವ ನಿಧಾನವಾಗಿ ಕೈ ಎತ್ತಿ, ಕಾಣದ ಒಂದು ಗೂಡನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಹುಬ್ಬು ಗಂಟಿಕ್ಕಿ, ಹೆಗಲ ಮೇಲಿಂದ ಹಿಂದಕ್ಕೆ ಎಸೆದರು. ರೇಷ್ಮೆ ಬೆಳೆಯುವ ಜನಕ್ಕೆ ಬಿಡಿಸಿ ಹೇಳಬೇಕೆ? ಮುಂದಿನ ಅಭ್ಯರ್ಥಿ ಎದ್ದು ನಿಂತು ಮೈಕಿನ ಕಡೆ ನೋಡದೆ ಭಾವನ ಕೈಯನ್ನೇ ನೋಡುತ್ತ ಮಾತಾಡಿದರು.

ಹೀಗೆ ನಮ್ಮ ಕಡೆ ಭಾಷಣಗಳು ವರ್ಷದಿಂದ ವರ್ಷಕ್ಕೆ ಸರಳವಾಗುತ್ತ ಬಂದವು. ಹಿಂಡುವುದಕ್ಕೆ ಏನೂ ಉಳಿಯಬಾರದೆಂದು ಒಬ್ಬ ಜಾಣ ಅಭ್ಯರ್ಥಿ, "ರಸ್ತೆ. ನೀರು. ಕರೆಂಟು. ನಮಸ್ಕಾರ" ಎಂದಷ್ಟೇ ಹೇಳಿ ಕುಳಿತರು. ಭಾವ ಸೋತರು ಎಂದೇ ಎಲ್ಲರೂ ತಿಳಿದರು. ಭಾವ ಹಿಂದಕ್ಕೆ ತಿರುಗಿ, "ನಮಸ್ಕಾರ ಅಂತಾವ್ರೆ" ಎಂದರು.

ಇನ್ನು ನನ್ನ ತಂಗಿಯ ಸಂಗತಿ. ಅವಳು ಹೆಚ್ಚು ಮಾತಿನವಳಲ್ಲ. ಇಂಥ ಗಂಡನ ಮನೆಯಲ್ಲಿ ಇನ್ನೊಬ್ಬರು ಮಾತಾಡಲು ಜಾಗವಾದರೂ ಎಲ್ಲಿದೆ? ಬೆಳಗಿನಿಂದ ಸಂಜೆಯವರೆಗೆ ಹುಳು, ಸೊಪ್ಪು, ದನ. ಅವಳಿಗೆ ಇದ್ದ ಆಸೆ ಒಂದೇ. ಊರಿಗೂ ತೋಟಗಳಿಗೂ ನಡುವೆ ಒಂದು ಹಳ್ಳ ಹರಿಯುತ್ತದೆ, ಅದಕ್ಕೊಂದು ಕಾಲುಸೇತುವೆ ಬೇಕು. ರೇಷ್ಮೆ ಹುಳು ನಾಲ್ಕನೇ ಜ್ವರ ಎದ್ದ ಮೇಲೆ, ಅಂದರೆ ಕೊನೆಯ ಸಲ ಪೊರೆ ಕಳಚಿದ ಮೇಲೆ, ಎಷ್ಟು ಸೊಪ್ಪು ಹಾಕಿದರೂ ಸಾಲದು. ಆ ಹೊತ್ತಿಗೇ ಹಳ್ಳ ಏರಿದರೆ ಸೊಪ್ಪು ಆಚೆ, ಹುಳು ಈಚೆ. ಹುಳು ಹಸಿದರೆ ಬೆಳೆ ಹೋಯಿತು. ತಲೆಯ ಮೇಲೆ ಸೊಪ್ಪು ಹೊತ್ತು ಆ ನೀರಿಗೆ ಇಳಿಯುವವರು ಹೆಂಗಸರೇ. ಸೇತುವೆ ಎಂಬ ಪದವನ್ನು ಪ್ರತಿ ಚುನಾವಣೆಯಲ್ಲೂ ಎಲ್ಲರೂ ಆಡಿದ್ದರು. ಭಾವ ಪ್ರತಿ ಸಲವೂ ಹಿಂಡಿದ್ದರು. ಹಳ್ಳ ಹರಿಯುತ್ತಲೇ ಇತ್ತು.

ಗ್ರಾಮ ಪಂಚಾಯಿತಿ ಚುನಾವಣೆ ಬಂತು. ಸ್ಥಾನ ಹೆಂಗಸರಿಗೆ ಮೀಸಲು. ಸೊಪ್ಪು ಹೊರುವ ಹೆಂಗಸರೆಲ್ಲ ಸೇರಿ ನನ್ನ ತಂಗಿಯನ್ನು ನಿಲ್ಲಿಸಿಬಿಟ್ಟರು. ಎದುರಿಗೆ ಹಿಂದಿನ ಸದಸ್ಯೆಯೇ ನಿಂತಿದ್ದರು. ಆ ಹೆಣ್ಣುಮಗಳ ದನಿ ಹೇಗಿದೆಯೆಂದು ಊರಿಗೆ ಗೊತ್ತಿಲ್ಲ. ಅವರ ಪರವಾಗಿ ಗಂಡನೇ ಮಾತಾಡುವುದು. ಒಮ್ಮೆ ಆತ ಮೈಕು ಹಿಡಿದು ಗುಡುಗಿದಾಗ ಭಾವ, "ಮೆಂಬರು ನಾನಲ್ಲ ಅಂತಾವ್ರೆ" ಎಂದು ಹಿಂಡಿದ್ದರು. ಆತ ಅದನ್ನು ಮರೆತಿರಲಿಲ್ಲ.

ಡೈರಿಯ ಕಾರ್ಯದರ್ಶಿಗೆ ಟಿ.ವಿ. ನೋಡಿ ನೋಡಿ ಹುಮ್ಮಸ್ಸು ಬಂದು, ಇಬ್ಬರು ಅಭ್ಯರ್ಥಿಗಳೂ ಒಂದೇ ವೇದಿಕೆಯಲ್ಲಿ ಚರ್ಚೆ ಮಾಡಬೇಕು ಎಂದು ಸಾರಿಬಿಟ್ಟರು. ಸುದ್ದಿ ಹರಡಿತು. ಭಾವನಿಂದ ಹಿಂಡಿಸಿಕೊಂಡವರೆಲ್ಲ, ಅವರ ಹೆಂಡತಿ ಏನು ಮಾತಾಡುತ್ತಾಳೋ, ಅವರು ಅದನ್ನು ಏನು ಮಾಡುತ್ತಾರೋ ನೋಡೇಬಿಡೋಣ ಎಂದು ಬಸ್ಸು ಹತ್ತಿ ಬರುವವರಿದ್ದರು. ತಂಗಿ ಫೋನು ಮಾಡಿ, ಅಣ್ಣ, ನಾಲಿಗೆ ಒಣಗಿದೆ ಎಂದಳು. ಅವಳು ನಗೆಪಾಟಲಾದರೆ ಸೇತುವೆಯೂ ಹೋಯಿತು. ನಾನು ಹೊತ್ತಿಗೆ ಮುಂಚೆಯೇ ಹೋಗಿ ಅವಳಿಗೆ ಡ್ರಿಲ್ ಕೊಟ್ಟೆ. ನೆಟ್ಟಗೆ ನಿಲ್ಲು, ಉಸಿರು ಎಳೆದುಕೋ, ದೂರದ ತೆಂಗಿನ ಮರ ನೋಡು, ಮಾತಾಡು. ಅವಳು ನೆಟ್ಟಗೆ ನಿಂತಳು, ಉಸಿರೆಳೆದುಕೊಂಡಳು, ಮರ ನೋಡಿದಳು, ಅಷ್ಟಕ್ಕೇ ನಿಂತಿತು.

ಭಾವ ಒಂದು ಮಾತೂ ಹೇಳಿಕೊಡಲಿಲ್ಲ. ಹಿಂದೆ ನಿಂತು ಹೇಳುವವನು ಮುಂದೆ ನಿಂತವರಿಗೆ ಹೇಳಿಕೊಡಬಾರದು, ಅದು ಮೋಸವಾಗುತ್ತದೆ ಎಂದರು. ತಂಗಿ ಹುಳುವಿನ ತಟ್ಟೆಗೆ ಸೊಪ್ಪು ಹರಡುತ್ತಲೇ, ತಲೆ ಎತ್ತದೆ ಹೇಳಿದಳು:

"ನನ್ ಮಾತೂ ಅಂಗೇ ಹಿಂಡಿ ಬಿಸಾಕುದ್ರೆ, ಮನೆ ಕಡೆ ಬರ್ಬ್ಯಾಡಿ."

ಭಾವ ಇನ್ನೊಂದು ತಟ್ಟೆ ಎಳೆದುಕೊಂಡು ತಾವೂ ಸೊಪ್ಪು ಹರಡತೊಡಗಿದರು. ಅದೇ ನನಗೆ ಹೆಚ್ಚು ಭಯ ಹುಟ್ಟಿಸಿತು.

ಚರ್ಚೆಯ ದಿನ ಡೈರಿಯ ಅಂಗಳ ತುಂಬಿತ್ತು. ಮೊದಲು ಹಿಂದಿನ ಸದಸ್ಯೆಯ ಹೆಸರು ಕರೆದರು. ಎದ್ದವರು ಅವರ ಗಂಡ. ಬಹಳ ಸರಳವಾಗಿ ಮಾತಾಡಿದರು. ನಾವು ನಿಮ್ಮವರು, ನೀವು ನಮ್ಮವರು, ಮಾಡೇ ಮಾಡ್ತೀವಿ. ಹಾಲಿನ ಕ್ಯಾನುಗಳ ಪಕ್ಕದಲ್ಲಿ ನಿಂತಿದ್ದ ಭಾವನ ಕಡೆ ಹೆಂಗಸರು ತಿರುಗಿದರು. ಭಾವ ಹಿಂಡಲಿಲ್ಲ, ವೇದಿಕೆಯ ಮೇಲಿದ್ದ ಹೆಂಡತಿಯನ್ನೇ ನೋಡುತ್ತಿದ್ದರು.

ಆಮೇಲೆ ನನ್ನ ತಂಗಿ ಎದ್ದಳು. ನೆಟ್ಟಗೆ ನಿಂತಳು. ತೆಂಗಿನ ಮರ ನೋಡಿದಳು. ನಾನು ಕುಳಿತಲ್ಲೇ ಅವಳ ಪರವಾಗಿ ಉಸಿರೆಳೆದುಕೊಂಡೆ.

"ಹಳ್ಳಕ್ಕೆ ಸೇತುವೆ ಬೇಕು," ಎಂದಳು. ತೆಂಗಿನ ಮರವನ್ನು ಇನ್ನೊಮ್ಮೆ ನೋಡಿ, "ಅಷ್ಟೇಯ," ಎಂದಳು.

ಇದಕ್ಕೇ ಕಾದಿದ್ದವರಂತೆ ಹಿಂದಿನ ಸದಸ್ಯೆಯ ಗಂಡ ಕುರ್ಚಿಯಲ್ಲಿ ಹಿಂದಕ್ಕೆ ಒರಗಿಕೊಂಡರು.

"ಗೌಡ್ರೇ, ಇದನ್ನೂ ಒಸಿ ಹಿಂಡಿ ನೋಡನ."

ನಗು ಎದ್ದಿತು. ಎಲ್ಲರೂ ಹಿಂದಕ್ಕೆ ತಿರುಗಿ ಭಾವನನ್ನು ನೋಡಿದರು. ಭಾವ ಹೆಗಲ ಮೇಲಿನ ಟವೆಲು ತೆಗೆದು ಕೈಯಲ್ಲಿ ಹಿಡಿದುಕೊಂಡರು.

"ನಮ್ಮನೆಯವಳು ಏನಂತಾವ್ಳೆ ಅಂದ್ರೆ," ಎಂದು ಶುರು ಮಾಡಿ ನಿಲ್ಲಿಸಿದರು. "ಹೋದ ಮುಂಗಾರಲ್ಲಿ ಹುಳ ನಾಕ್ನೇ ಜ್ವರ ಎದ್ದಿತ್ತು. ಇವಳು ಸೊಪ್ಪು ಕುಯ್ಯಕ್ಕೆ ಆಚೆ ತೋಟಕ್ಕೆ ಹೋಗಿದ್ಲು. ನಮ್ಮಲ್ಲಿ ಒಂದು ಹನಿ ಬಿದ್ದಿರ್ನಿಲ್ಲ. ಮಾಗಡಿ ಕಡೆ ಎಲ್ಲೋ ಹುಯ್ದು ಹಳ್ಳ ಏರ್ಬುಡ್ತು. ನಾನು ಈಚೆ ದಡದಲ್ಲಿ ನಿಂತಿದ್ದೆ. ಇಳೀಬ್ಯಾಡ ಕಣೇ ಅಂತ ಕೂಗ್ದೆ. ಇವಳು ಹೊರೆ ತಲೆ ಮ್ಯಾಲೆ ಇಟ್ಕೊಂಡು ಇಳುದ್ಲು."

ಭಾವ ಟವೆಲನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿಕೊಂಡರು.

"ನೀರು ಸೊಂಟಕ್ಕೆ ಬಂತು, ಎದೆಗೆ ಬಂತು. ನಂಗೆ ಈಜು ಬರಕಿಲ್ಲ. ಮಧ್ಯಕ್ಕೆ ಬಂದ್ಮ್ಯಾಲೆ ಇವಳು ಕಾಣ್ಲೇ ಇಲ್ಲ, ಹೊರೆ ಒಂದೇ ಕಾಣ್ತಿತ್ತು. ನಾನು ಹೊರೆ ನೋಡ್ಕಂಡೇ ನಿಂತಿದ್ದೆ. ಕೊನೆಗೆ ದಡ ಹತ್ತಿ ಬಂದು ಇವಳು ಏನಂದ್ಲು ಗೊತ್ತಾ? ಸೊಪ್ಪು ನೆಂದಿಲ್ಲ ಅಂದ್ಲು."

ನೆಂದ ಸೊಪ್ಪು ತಿಂದರೆ ಹುಳುವಿಗೆ ರೋಗ. ಅಲ್ಲಿದ್ದ ಯಾರಿಗೂ ಅದನ್ನು ಹೇಳಬೇಕಾಗಿರಲಿಲ್ಲ.

ಭಾವ ಅಲ್ಲಿಗೆ ನಿಲ್ಲಿಸಬೇಕಿತ್ತು. ನಿಲ್ಲಿಸಲಿಲ್ಲ! ಊರಿನವರ ಭಾಷಣವನ್ನೆಲ್ಲ ಚಿಟಿಕೆಗೆ ಇಳಿಸಿದ ಮನುಷ್ಯ, ಹೆಂಡತಿಯ ಒಂದು ಮಾತನ್ನು ಹಿಡಿದು ಎಳೆಯುತ್ತಲೇ ಹೋದರು. ಅವಳು ಮದುವೆಯಾಗಿ ಬಂದ ವರ್ಷ ಹಳ್ಳ ಎಷ್ಟಿತ್ತು, ಮಗು ಹೊಟ್ಟೆಯಲ್ಲಿದ್ದಾಗ ಹೇಗೆ ದಾಟಿದಳು, ಬೇಸಿಗೆಯಲ್ಲಿ ಕಲ್ಲು ಕಾಲಿಗೆ ಹೇಗೆ ಚುಚ್ಚುತ್ತದೆ, ಅವಳ ಕಾಲಿನಲ್ಲಿ ಎಲ್ಲೆಲ್ಲಿ ಗಾಯದ ಗುರುತಿದೆ. ತ್ಯಾಗ ಎಂದರು. ಸಹನಾಮೂರ್ತಿ ಎಂದರು. ನನ್ನ ಕಿವಿಯನ್ನು ನಾನೇ ನಂಬಲಿಲ್ಲ, 'ಸರ್ವತೋಮುಖ' ಎಂದೂ ಅಂದರು! ಯಾವುದಕ್ಕೆ ಎಂದು ಅವರಿಗೂ ಗೊತ್ತಿರಲಿಲ್ಲ. ಇಷ್ಟು ವರ್ಷ ಬೇರೆಯವರಿಂದ ಹಿಂಡಿ ತೆಗೆದ ನೀರೆಲ್ಲ ಒಟ್ಟಿಗೆ ಸುರಿಯುತ್ತಿತ್ತು. ಡೈರಿಗೆ ಹಾಲು ಅಳೆಯುವ ಹೊತ್ತು ಮೀರಿತು. ಕರುಗಳು ಕೂಗತೊಡಗಿದವು. ಭಾವ ಟವೆಲಿನಿಂದ ಮುಖ ಒರೆಸಿಕೊಂಡು ಮತ್ತೆ ಶುರು ಮಾಡಿದರು. ಹಿಂದಿನ ಸಾಲಿನ ಹೆಂಗಸರು ಮೊದಲ ಸಲ ವೇದಿಕೆಯ ಕಡೆ ತಿರುಗಿ ನನ್ನ ತಂಗಿಯ ಮುಖ ನೋಡಿದರು.

ತಂಗಿ ಮೈಕನ್ನು ಹತ್ತಿರಕ್ಕೆ ಎಳೆದುಕೊಂಡಳು. ತೆಂಗಿನ ಮರ ನೋಡಲಿಲ್ಲ. ಕ್ಯಾನುಗಳ ಪಕ್ಕದಲ್ಲಿದ್ದ ಗಂಡನನ್ನೇ ನೋಡಿದಳು.

"ನಮ್ಮ ಯಜಮಾನ್ರು ಯೋಳ್ತಾ ಇರೋದು ಇಷ್ಟೇಯ," ಎಂದಳು. "ಅವತ್ತು ಅವ್ರು ಬಾಳ ಎದ್ರುಕೊಂಡಿದ್ರು."

ಯಾರೂ ನಗಲಿಲ್ಲ. ಭಾವ ಬಾಯಿ ಮುಚ್ಚಿ, ಹೌದು ಎಂಬಂತೆ ತಲೆಯಾಡಿಸಿ, ಮಗುಚಿ ಹಾಕಿದ್ದ ಒಂದು ಕ್ಯಾನಿನ ಮೇಲೆ ಕುಳಿತುಬಿಟ್ಟರು.

ತಂಗಿ ಗೆದ್ದಳು. ಹಳ್ಳದ ಮೇಲೆ ಈಗ ಕಾಲುಸೇತುವೆ ಇದೆ, ಎರಡು ಕಡೆ ಕಂಬಿ ಇದೆ. ಮೊನ್ನೆ ಹೋಗಿದ್ದೆ. ತಂಗಿ ಆಚೆ ತೋಟದಿಂದ ಸೊಪ್ಪು ಹೊತ್ತು ಬರುವ ಹೊತ್ತು. ಭಾವ ಮನೆಯಲ್ಲಿರಲಿಲ್ಲ. ಹುಡುಕಿಕೊಂಡು ಹೋದರೆ, ಹಳ್ಳದ ಈಚೆ ದಡದಲ್ಲಿ ನಿಂತಿದ್ದರು. ಸೇತುವೆ ಆಯಿತಲ್ಲ ಭಾವ, ಇನ್ನೂ ಯಾಕೆ ಇಲ್ಲಿ ಬಂದು ನಿಲ್ಲುತ್ತೀರಿ ಎಂದು ಕೇಳಿದೆ.

ಅವರು ಸೇತುವೆಯ ಮೇಲೆ ಬರುತ್ತಿದ್ದ ಹೊರೆಯಿಂದ ಕಣ್ಣು ತೆಗೆಯಲಿಲ್ಲ.

"ಸುಮ್ಕೆ," ಎಂದರು.